ಮುನ್ನೂರು ಮಾತು, ಏಳು ಬಗೆ ತಿಂಡಿ

ಮನುಷ್ಯರ ಜೊತೆ ಮಾತಾಡುವುದು ತನಗೆ ಮರೆತೇಹೋಗಿದೆಯೇ? ಸೋಮವಾರ ಬೆಳಗಿನಿಂದ ಪಿಲ್ವಿಯ ತಲೆ ಕೊರೆಯುತ್ತಿದ್ದುದು ಇದೊಂದೇ ಹುಳ. ಹಾಲು ಕಾಯಿಸುವಾಗ ಅದೇ, ಡಯಾಪರ್ ಬದಲಿಸುವಾಗ ಅದೇ. ನವೆಂಬರಿನ ಚಳಿಯಲ್ಲಿ, ಅಲ್ಲಿಯ ರೂಢಿಯಂತೆ ಬಾಲ್ಕನಿಯ ತಳ್ಳುಗಾಡಿಯೊಳಗೆ ನಿದ್ದೆ ಹೊಡೆಯುತ್ತಿದ್ದ ಹತ್ತು ತಿಂಗಳ ಹಿಲ್ಲಾಳ ಮೂಗು ತಣ್ಣಗಾಯಿತೇ ಎಂದು ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡುವಾಗಲೂ ಅದೇ.

ಹುಳ ಬಿಟ್ಟವಳು ಪ್ರಕಾಶನದ ಸಂಪಾದಕಿ. ದಿನಬಳಕೆಯ ಮುನ್ನೂರು ಇಂಗ್ಲಿಷ್ ಮಾತುಗಳನ್ನು ಫಿನ್ನಿಷ್‌ಗೆ ತರುವ ಕೆಲಸವನ್ನು ಪಿಲ್ವಿ ಅಂಗಲಾಚಿ ಗಿಟ್ಟಿಸಿಕೊಂಡಿದ್ದಳು. ಕಳಿಸಿದ ಮೊದಲ ಐವತ್ತು ಮಾತು ಗೋಡೆಗೆಸೆದ ಚೆಂಡಿನಂತೆ ವಾಪಸು ಬಂದಿದ್ದವು. ಜೊತೆಗೆ ಎರಡೇ ಸಾಲು: "ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದನ್ನು ಯಾವ ಫಿನ್ಲೆಂಡಿನಲ್ಲಿ ಮಾತಾಡುತ್ತಾರೆ? ಮುಂದಿನ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಮುನ್ನೂರೂ ಸರಿಯಾಗಿ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ."

ಈ ಕೆಲಸ ಕೈತಪ್ಪಿದರೆ ಬಾಣಂತಿ ರಜೆ ಮುಗಿದ ಮೇಲೆ ಅವಳನ್ನು ಕೇಳುವವರು ಯಾರು? ಇಂಗ್ಲಿಷಿನಲ್ಲಿ ಇಡೀ ಶಾಲೆಗೇ ಮೊದಲು ಬಂದವಳು ಜೀವಮಾನವಿಡೀ ಮಗುವಿಗೆ ಕ್ಯಾರೆಟ್ ಹಿಸುಕುತ್ತಾ ಕೂರಬೇಕೇ?

"ಕೂರಲ್ಲ!" ಎಂದು ಪಿಲ್ವಿ ಅಡುಗೆಮನೆಯಲ್ಲಿ ಚಮಚ ಎತ್ತಿ ಘೋಷಿಸಿದಳು. "ಒಂದೊಂದು ಮಾತನ್ನೂ ಜೀವಂತ ಮನುಷ್ಯರ ಮೇಲೆ ಪ್ರಯೋಗ ಮಾಡ್ತೀನಿ. ಅವರು ಹೇಗೆ ಉತ್ತರ ಕೊಡ್ತಾರೆ ನೋಡಿ ಬರ್ಕೊಳ್ತೀನಿ. ವಾರದಲ್ಲಿ ಮುನ್ನೂರು! ಇದೆಷ್ಟರ ಕೆಲಸ?"

ಗಂಡ ಆರ್ತು ಟ್ರಾಮ್ ಓಡಿಸುವವನು. ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಾ ಕೇಳಿದ, "ಜೀವಂತ ಮನುಷ್ಯರು ಎಲ್ಲಿ ಸಿಕ್ತಾರೆ ನಿಂಗೆ?"

"ನಮ್ಮ ಮೆಟ್ಟಿಲಲ್ಲಿ."

"ನಮ್ಮ ಮೆಟ್ಟಿಲಲ್ಲಾ? ಆರು ವರ್ಷ ಆಯ್ತು ಕಣೆ ಈ ಮನೆಗೆ ಬಂದು. ಎದುರುಮನೆಯವನ ಮುಖ ನಾನಿನ್ನೂ ನೋಡಿಲ್ಲ. ಬೆನ್ನು ನೋಡಿದ್ದೀನಿ. ಒಳ್ಳೇ ಬೆನ್ನು."

ಅವನು ಹೇಳಿದ್ದು ಸುಳ್ಳಲ್ಲ. ಮನೆಯಿಂದ ಹೊರಡುವ ಮುಂಚೆ ಬಾಗಿಲ ಕಿಂಡಿಗೆ ಕಣ್ಣಿಟ್ಟು, ಮೆಟ್ಟಿಲಲ್ಲಿ ಯಾರಾದರೂ ಕಂಡರೆ ಅವರು ಹೋಗುವ ತನಕ ಉಸಿರು ಬಿಗಿಹಿಡಿದು ನಿಲ್ಲುವುದೇ ಆ ಕಟ್ಟಡದ ಸಭ್ಯತೆ. ಟಾಂಪೆರೆ ಊರಿಗೆ ಊರೇ ಹಾಗೆ. ಪಿಲ್ವಿಯೂ ಹುಟ್ಟಿದಾಗಿನಿಂದ ಹಾಗೇ ನಿಂತವಳು. ಆ ದಿನ ಮಾತ್ರ ಲೋಕವನ್ನೇ ತಿರುವಿ ಹಾಕಿದಳು. ಯಾರೂ ಇಲ್ಲದಿರಲಿ ಎಂದು ನೋಡುವ ಕಿಂಡಿಯಲ್ಲಿ ಯಾರಾದರೂ ಬರಲಿ ಎಂದು ಕಾದಳು, ಬೆಕ್ಕು ಇಲಿಗೆ ಕಾಯುವ ಹಾಗೆ!

ಮೊದಲು ಸಿಕ್ಕಿಬಿದ್ದವಳು ಕೆಳಗಿನ ಮನೆಯ ಸಿರ್ಕ್ಕಾ. ಎಪ್ಪತ್ತು ದಾಟಿದ ಹೆಂಗಸು, ಎರಡೂ ಕೈಯಲ್ಲಿ ಚೀಲ. ಪಿಲ್ವಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಹಾರಿ, ಪಟ್ಟಿಯ ಮೊದಲನೆಯ ಮಾತನ್ನು ಎಸೆದಳು.

"ಹೇಗಿದ್ದೀರಿ?"

ಇಂಗ್ಲಿಷಿನವರು ಇದನ್ನು ಕೇಳಿ ಉತ್ತರಕ್ಕೂ ಕಾಯದೆ ನಡೆದುಬಿಡುತ್ತಾರೆ. ಸಿರ್ಕ್ಕಾ ನಡೆಯಲಿಲ್ಲ. ಒಂದು ಚೀಲ ಕೆಳಗಿಟ್ಟಳು. ಆಮೇಲೆ ಇನ್ನೊಂದನ್ನೂ ಇಟ್ಟಳು. ಗೋಡೆಗೆ ಒರಗಿ ಯೋಚಿಸಿದಳು.

"ಕೇಳಿದ್ದೀಯಲ್ಲ, ಹೇಳ್ತೀನಿ," ಎಂದಳು.

ಹೇಳಿದಳು! ಮಂಡಿಯಿಂದ ಶುರುವಾಗಿ ಸೊಂಟಕ್ಕೇರಿ, ಅಲ್ಲಿಂದ ಸರೋವರದ ದಂಡೆಯ ಬೇಸಿಗೆ ಗುಡಿಸಲಿನ ಸೋರುವ ಸೂರಿಗೆ ಹಾರಿ, ಒಂದು ದೋಣಿಯ ಜಗಳದಲ್ಲಿ ಮಾತು ಬಿಟ್ಟ ತಮ್ಮನ ತನಕ, ಒಟ್ಟು ನಲವತ್ತು ನಿಮಿಷ. ಪಿಲ್ವಿಯ ಕೈ ಮರಗಟ್ಟಿತು. ಹಿಲ್ಲಾ ಅಮ್ಮನ ಹೆಗಲ ಮೇಲೆ ಒಮ್ಮೆ ಕಕ್ಕಿ, ನಿದ್ದೆಯನ್ನೂ ಮಾಡಿ ಎದ್ದಳು.

"ಹನ್ನೊಂದು ವರ್ಷದಿಂದ ಯಾರೂ ಕೇಳಿರಲಿಲ್ಲ ನೋಡು," ಎಂದು ಸಿರ್ಕ್ಕಾ ಕಣ್ಣೊರೆಸಿಕೊಂಡು ಚೀಲ ಎತ್ತಿಕೊಂಡಳು. "ನಾಳೆ ಉಳಿದದ್ದು ಹೇಳ್ತೀನಿ."

ಒಂದು ಮಾತಿಗೆ ನಲವತ್ತು ನಿಮಿಷವಾದರೆ ಮುನ್ನೂರಕ್ಕೆ? ಲೆಕ್ಕ ಹಾಕುವ ಧೈರ್ಯ ಪಿಲ್ವಿಗೆ ಬರಲಿಲ್ಲ. ಮಾರನೆಯ ದಿನ ಸಣ್ಣ ಮಾತಿನ ಮನುಷ್ಯನನ್ನೇ ಹುಡುಕಿದಳು. ಮೇಲಿನ ಮಹಡಿಯ ಕೌಕೊ, ಟಯರು ಕಾರ್ಖಾನೆಯಿಂದ ನಿವೃತ್ತನಾದವನು, ಕಟ್ಟಡದ ಸಂಘಕ್ಕೆ ಅಧ್ಯಕ್ಷ. ವರ್ಷಕ್ಕೆ ಎರಡು ವಾಕ್ಯ ಆಡುವವನೆಂದು ಹೆಸರುವಾಸಿ. ಅವನಿಗೆ ನಲವತ್ತನೆಯ ಮಾತು ಕೊಟ್ಟಳು.

"ಯಾವಾಗಲಾದ್ರೂ ಕಾಫಿಗೆ ಬನ್ನಿ!"

ಕೌಕೊ ನಿಂತ. ಒಳಜೇಬಿನಿಂದ ಪುಟ್ಟ ಡೈರಿ ತೆಗೆದ. ಪೆನ್ಸಿಲ್ ತುದಿಯನ್ನು ನಾಲಿಗೆಗೆ ಮುಟ್ಟಿಸಿದ.

"ಯಾವತ್ತು?"

"ಯಾವಾಗಲಾದ್ರೂ..."

"ಆ ದಿನ ಇದ್ರಲ್ಲಿಲ್ಲ."

"ಅಂದ್ರೆ... ನಿಮಗೆ ಅನುಕೂಲ ಆದಾಗ..."

"ಕರೆದವಳು ನೀನು, ಅನುಕೂಲ ನನ್ನದಾ?" ಕೌಕೊ ಹಾಳೆ ಮಗುಚಿದ. "ಭಾನುವಾರ. ಎರಡು ಗಂಟೆ. ಎಷ್ಟು ಜನ?"

ಗಾಬರಿಯಲ್ಲಿ ಪಿಲ್ವಿಯ ಬಾಯಿಗೆ ಬಂದದ್ದು ಪಟ್ಟಿಯ ನಲವತ್ತೊಂದನೆಯ ಮಾತು. "ಜನ ಹೆಚ್ಚಿದಷ್ಟೂ ಸಂತೋಷವೇ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು! ಸಂಜೆ ಅವಳು ಕಸ ಹಾಕಲು ಇಳಿದಾಗ ಕೆಳಗಿನ ಸೂಚನಾ ಫಲಕದಲ್ಲಿ, ಬಟ್ಟೆ ಒಗೆಯುವ ಕೋಣೆಯ ಸರದಿ ಪಟ್ಟಿಗೂ ಸೌನಾ ಎಂಬ ಹಬೆಸ್ನಾನದ ಕೋಣೆಯ ಸರದಿ ಪಟ್ಟಿಗೂ ನಡುವೆ, ಸಂಘದ ಮೊಹರು ಹೊತ್ತ ಹಾಳೆ ರಾರಾಜಿಸುತ್ತಿತ್ತು: "ಭಾನುವಾರ 14.00. ಬಿ 17. ಕಾಫಿ. ಎಲ್ಲ ನಿವಾಸಿಗಳಿಗೆ."

ಬಿ 17 ಅಂದರೆ ಇವಳದೇ ಮನೆ. ಆ ಫಲಕದಲ್ಲಿ ಬಂದದ್ದನ್ನು ಕಿತ್ತವರು ಕಟ್ಟಡದ ಇತಿಹಾಸದಲ್ಲೇ ಇಲ್ಲ.

"ಹೊಟ್ಟೆನೋವು ಅಂತ ಹೇಳಿಬಿಡ್ಲಾ?" ಪಿಲ್ವಿ ಗಂಡನನ್ನು ಕೇಳಿದಳು.

"ಮೊಹರು ಬಿದ್ದಿದೆ ಅಂತೀಯ. ಇನ್ನು ನೀನು ಸತ್ತರೂ ಎರಡು ಗಂಟೆಗೆ ಬರ್ತಾರೆ. ಕಾಫಿ ಕುಡಿದೇ ಹೋಗ್ತಾರೆ." ಆರ್ತು ನಕ್ಕ. "ಏಳು ಬಗೆ ಮಾಡ್ತೀಯಾ?"

ಏಳು ಬಗೆ! ಕಾಫಿಗೆ ಕರೆದ ಮೇಲೆ ಮೇಜಿನ ಮೇಲೆ ಏಳು ಬಗೆಯ ತಿಂಡಿ ಇಡಬೇಕೆನ್ನುವುದು ಪಿಲ್ವಿಯ ಅಜ್ಜಿಯ ಕಾಲದ ಶಾಸ್ತ್ರ. ಈಗಿನವರು ಬಿಟ್ಟಿದ್ದಾರೆ, ನಿಜ. ಆದರೆ ಸಿರ್ಕ್ಕಾ ಬಿಟ್ಟಿದ್ದಾಳೆಯೇ? ಆರೇ ಇಟ್ಟರೆ ಎಣಿಸದೆ ಇರುತ್ತಾಳೆಯೇ?

"ನೀನು ಮನೇಲಿ ಇರ್ತೀಯ ತಾನೆ?"

"ಭಾನುವಾರ ಹಗಲು ಪಾಳಿ. ಎರಡು ಗಂಟೆಗೆ ನಮ್ಮ ಮನೆ ಮುಂದೇನೇ ಟ್ರಾಮ್ ಬರುತ್ತೆ. ಗಂಟೆ ಹೊಡೀತೀನಿ."

ಹಗಲು ಅನುವಾದ, ಮಗು ಮಲಗಿದಾಗ ಹಿಟ್ಟು, ಹಿಟ್ಟು ಉಬ್ಬುವಾಗ ಅನುವಾದ! ಏಲಕ್ಕಿ ಬನ್ನಿನ ಮೊದಲ ತಟ್ಟೆ ಇದ್ದಿಲಾಯಿತು, ಎರಡನೆಯದು ಹಸಿ ಉಳಿಯಿತು, ಮೂರನೆಯದು ನೋಡಲು ಬನ್ನಿನಂತೆಯೇ ಇತ್ತು. ಹಿಲ್ಲಾಳಿಗೆ ಹಲ್ಲು ಬರುತ್ತಿತ್ತು. ಶನಿವಾರದ ಹೊತ್ತಿಗೆ ಪಿಲ್ವಿ ಲೋಟದಲ್ಲಿ ಹಿಟ್ಟು ಕಲಸಿ, ಕೀಲಿಮಣೆಗೆ ಹಾಲು ಸುರಿದಿದ್ದಳು. ಭಾನುವಾರ ಬೆಳಿಗ್ಗೆ ಮೂರು ಬಗೆ ಸಿದ್ಧವಾಗಿದ್ದವು. ನಾಲ್ಕನ್ನು ಅಂಗಡಿಯಿಂದ ತಂದು, ಪೊಟ್ಟಣ ಮುಚ್ಚಿಟ್ಟು, ಅಜ್ಜಿಯ ಪಿಂಗಾಣಿ ತಟ್ಟೆಗೆ ವರ್ಗಾಯಿಸಿದಳು. ಇನ್ನೂ ನೂರ ಹದಿನೆಂಟು ಮಾತು ಬಾಕಿ.

ಸರಿಯಾಗಿ ಎರಡಕ್ಕೆ ಬೀದಿಯಲ್ಲಿ ಟ್ರಾಮಿನ ಗಂಟೆ, ಬಾಗಿಲಲ್ಲಿ ಮನೆಯ ಗಂಟೆ, ಎರಡೂ ಒಟ್ಟಿಗೇ ಸದ್ದು ಮಾಡಿದವು. ಮೆಟ್ಟಿಲ ಮೇಲೆ ಹದಿನಾರು ಜನ, ಸಾಲಾಗಿ, ಮೌನವಾಗಿ, ಕೈಯಲ್ಲೊಂದೊಂದು ಪೊಟ್ಟಣ ಹಿಡಿದು. ಬೂಟು ಬಿಚ್ಚಿ ಗೋಡೆಗುಂಟ ಜೋಡಿಸಿದರು. ಉಣ್ಣೆಯ ಕಾಲುಚೀಲದಲ್ಲಿ ಸದ್ದಿಲ್ಲದೆ ಒಳಬಂದು, ಎರಡು ಕೋಣೆಯ ಆ ಮನೆಯಲ್ಲಿ ಸಿಕ್ಕಿದ ಕಡೆಯೆಲ್ಲ ಕೂತರು. ಕಾಫಿ ಕುಡಿದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಗೋಡೆ ಗಡಿಯಾರದ ಟಿಕ್‌ಟಿಕ್ ಕೂಡ ಅಧಿಕಪ್ರಸಂಗವೆನಿಸಿತು.

ಸಿರ್ಕ್ಕಾ ಒಂದು ಬಿಸ್ಕತ್ತು ಕಚ್ಚಿದಳು. "ಮೂಲೆ ಅಂಗಡೀದು," ಎಂದಳು. ದೂರಲ್ಲ, ಮಾಹಿತಿ ಅಷ್ಟೆ.

ಪಿಲ್ವಿಗೆ ಮೌನ ತಡೆಯಲಾಗಲಿಲ್ಲ. ಪಟ್ಟಿ ಹೇಗೂ ತಲೆಯಲ್ಲಿತ್ತು, ಒಂದೊಂದೇ ಉದುರಿಸಿದಳು.

"ಎಷ್ಟು ಚೆನ್ನಾಗಿದೆ ಅಲ್ವಾ ಹವಾ!"

ಹದಿನಾರು ತಲೆಗಳೂ ಕಿಟಕಿಯ ಕಡೆ ತಿರುಗಿದವು. ಹೊರಗೆ ಬೂದಿ ಬಣ್ಣದ ಆಕಾಶದಿಂದ ಮಳೆಯೂ ಅಲ್ಲದ, ಹಿಮವೂ ಅಲ್ಲದ ಏನೋ ಅಡ್ಡಡ್ಡ ಬೀಳುತ್ತಿತ್ತು. ತುಂಬಾ ಹೊತ್ತು ನೋಡಿದರು.

"ಇಲ್ಲ," ಎಂದ ಕೌಕೊ.

"ನಿಮ್ಮ ಅಂಗಿ ನಂಗೆ ತುಂಬಾ ಇಷ್ಟ ಆಯ್ತು!"

ಕೌಕೊ ಬಗ್ಗಿ ತನ್ನ ಅಂಗಿಯನ್ನು ನೋಡಿಕೊಂಡ. "ಕಾರ್ಖಾನೇಲಿ ಕೊಟ್ಟಿದ್ದು, ಎಂಬತ್ತೇಳರಲ್ಲಿ. ಬೇಕಾ?" ಎಂದು ಗುಂಡಿ ಬಿಚ್ಚತೊಡಗಿದ.

"ಅಯ್ಯೋ ಬೇಡ ಬೇಡ! ಕೂತ್ಕೊಳ್ಳಿ! ಇದು ನಿಮ್ಮದೇ ಮನೆ ಅಂದ್ಕೊಳ್ಳಿ!"

ಎದುರುಮನೆಯವನು, ಅದೇ ಒಳ್ಳೇ ಬೆನ್ನಿನವನು, ಎದ್ದು ನಿಂತ. "ನನ್ನ ಮನೆಯಾಗಿದ್ರೆ ಆ ನಲ್ಲಿ ಹಾಗೆ ತೊಟ್ಟಿಕ್ಕೋಕೆ ಬಿಡ್ತಿರ್ಲಿಲ್ಲ," ಎಂದು ಜೇಬಿನಿಂದ ಸ್ಪ್ಯಾನರ್ ತೆಗೆದು ಅಡುಗೆಮನೆಗೆ ನಡೆದ. ಮುಖ ಈಗಲೂ ಕಾಣಲಿಲ್ಲ.

ಹಿಲ್ಲಾ ಕಿರುಚತೊಡಗಿದಳು. ಕಾಫಿ ಉಕ್ಕಿತು. ಪಿಲ್ವಿ ಮಗುವನ್ನು ಒಂದು ಕೈಯಲ್ಲಿ, ಕಾಫಿ ಪಾತ್ರೆಯನ್ನು ಇನ್ನೊಂದರಲ್ಲಿ ಹಿಡಿದು ನಡುಮನೆಯಲ್ಲಿ ನಿಂತಳು, ಯಾವುದನ್ನು ಎಲ್ಲಿಡುವುದೆಂದು ತೋಚದೆ.

"ಹೇಗಿದ್ದೀಯ?" ಎಂದಳು ಸಿರ್ಕ್ಕಾ.

ಇದಕ್ಕೆ ಉತ್ತರ ಪಟ್ಟಿಯಲ್ಲೇ ಇತ್ತು: 'ಚೆನ್ನಾಗಿದ್ದೀನಿ, ಕೇಳಿದ್ದಕ್ಕೆ ಧನ್ಯವಾದ, ನೀವು ಹೇಗಿದ್ದೀರಿ?'  ಪಿಲ್ವಿಯ ಬಾಯಿಂದ ಬಂದದ್ದು ಬೇರೆ.

"ಸುಸ್ತಾಗಿದೆ," ಎಂದಳು. "ತುಂಬಾ ಸುಸ್ತಾಗಿದೆ. ನಾಳೆ ಮಧ್ಯಾಹ್ನಕ್ಕೆ ಇನ್ನೂ ನೂರ ಹದಿನೆಂಟು ಮಾತು ಅನುವಾದ ಮಾಡಿ ಕೊಡ್ಬೇಕು. ಒಂದೂ ಆಗಿಲ್ಲ."

ಯಾರೂ 'ಅಯ್ಯೋ ಪಾಪ' ಎನ್ನಲಿಲ್ಲ. ಸಹಾಯ ಬೇಕೇ ಎಂದು ಕೇಳಲಿಲ್ಲ. ಸಿರ್ಕ್ಕಾ ಎದ್ದು ಮಗುವನ್ನು ಎತ್ತಿಕೊಂಡು, ಚಳಿ ಅಂಗಿ ತೊಡಿಸಿ, ತಳ್ಳುಗಾಡಿ ಸಮೇತ ಹೊರಟೇಬಿಟ್ಟಳು. ಕೌಕೊ ತೋಳು ಮಡಚಿ ಬಟ್ಟಲು ತೊಳೆಯಲು ನಿಂತ. ಯಾರೋ ಮಗುವಿನ ಮಾಸಿದ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಒಗೆಯುವ ಕೋಣೆಗೆ ಇಳಿದರು. ಅದೂ ತಮ್ಮ ಸರದಿಯಲ್ಲಿ! ಉಳಿದವರು ಬೂಟು ಹಾಕಿಕೊಂಡರು. ಮೂರು ಗಂಟೆಗೆ ಮನೆ ಖಾಲಿ. ನಲ್ಲಿ ಸೋರುತ್ತಿರಲಿಲ್ಲ.

ಪಿಲ್ವಿ ಪಟ್ಟಿಯ ಮುಂದೆ ಕೂತಳು. ನೂರ ಎಂಬತ್ತಮೂರನೆಯ ಮಾತು: 'ನನ್ನಿಂದೇನಾದರೂ ಆಗಬೇಕಿದ್ದರೆ ದಯವಿಟ್ಟು ಸಂಕೋಚಪಡಬೇಡಿ.' ಈ ಹದಿನಾರು ಜನರಲ್ಲಿ ಇದನ್ನು ಯಾರು ಅನ್ನುತ್ತಾರೆ? ಯಾರೂ ಇಲ್ಲ. ಎದುರಿನ ಜಾಗವನ್ನು ಖಾಲಿ ಬಿಟ್ಟಳು. ಮುಂದಿನದು: 'ನಿಮ್ಮನ್ನು ಕಂಡು ಎಷ್ಟೊಂದು ಆನಂದವಾಯಿತು!' ಖಾಲಿ. ಕೈ ಓಡಿತು. ಅರ್ಧ ಗಂಟೆಯಲ್ಲಿ ನೂರ ಹದಿನೆಂಟೂ ಮುಗಿದವು. ಅವುಗಳಲ್ಲಿ ನೂರ ಒಂದು ಖಾಲಿ! ಮೇಜಿನ ಮೇಲೆ ತಲೆಯಿಟ್ಟು, ಕೆನ್ನೆಗೆ ಬಿಸ್ಕತ್ತಿನ ಪುಡಿ ಅಂಟಿಸಿಕೊಂಡು, ಹತ್ತು ತಿಂಗಳಲ್ಲಿ ಮಾಡದ ನಿದ್ದೆ ಮಾಡಿದಳು. ಸಂಜೆ ಸಿರ್ಕ್ಕಾ ಹಿಲ್ಲಾಳನ್ನು ತಂದು ಆರ್ತುವಿನ ಕೈಗೆ ಕೊಟ್ಟದ್ದೂ ಅವಳಿಗೆ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಎಚ್ಚರದ ಜೊತೆ ಬುದ್ಧಿಯೂ ಬಂತು. ಖಾಲಿ ಹಾಳೆ ಕಳಿಸಿದರೆ ಕೆಲಸ ಉಳಿಯುತ್ತದೆಯೇ? ಇನ್ನೊಂದು ವಾರ ಕೇಳಬೇಕು. ಹೇಗೆ ಕೇಳುವುದು? ಮೂರು ಪತ್ರ ಬರೆದಳು, ಮೂರನ್ನೂ ಅಳಿಸಿದಳು. ಹನ್ನೊಂದೂವರೆಗೆ, ಕೊನೆಗೆ, ಫೋನನ್ನೇ ಎತ್ತಿದಳು. ಅಲ್ಲಿಯ ಜನ ಮುಂಚೆ ತಿಳಿಸದೆ ಫೋನ್ ಮಾಡುವುದು ಸಾವಿನ ಸುದ್ದಿಗೆ ಮಾತ್ರ.

"ಯಾರು ಹೋದ್ರು?" ಎಂದಳು ಸಂಪಾದಕಿ.

"ಯಾರೂ ಇಲ್ಲ. ನಾನು, ಪಿಲ್ವಿ. ಮುನ್ನೂರು ಪೂರ್ತಿ ಆಗ್ಲಿಲ್ಲ. ನೂರ ಒಂದು ಖಾಲಿ ಬಿಟ್ಟಿದ್ದೀನಿ."

"ಖಾಲಿ ಅಂದ್ರೆ?"

"ಅವನ್ನು ನಮ್ಮಲ್ಲಿ ಯಾರೂ ಆಡಲ್ಲ. ನಿನ್ನೆ ಹದಿನಾರು ಜನರ ಮುಂದೆ ನೋಡ್ದೆ. ಸಹಾಯ ಬೇಕಾ ಅಂತ ಒಬ್ರೂ ಕೇಳ್ಲಿಲ್ಲ. ಪಾತ್ರೆ ತೊಳೆದ್ರು. ಅದನ್ನ ಹೇಗೆ ಬರೆಯೋದು ಅಂತ ಗೊತ್ತಾಗ್ಲಿಲ್ಲ. ಇನ್ನೊಂದು ವಾರ ಕೊಟ್ರೆ ತುಂಬಿಸ್ತೀನಿ..."

 ಪಿಲ್ವಿ ಗೋಡೆ ಗಡಿಯಾರ ನೋಡಿದಳು: ಹನ್ನೆರಡಕ್ಕೆ ಇನ್ನು ಇಪ್ಪತ್ತೈದು ನಿಮಿಷ.

"ಖಾಲಿ ಇರೋದನ್ನ ಮುಟ್ಟಬೇಡಿ," ಎಂದಳು ಸಂಪಾದಕಿ. "ನೀವು ಇಲ್ಲೀತನಕ ಮಾಡಿದ್ರಲ್ಲಿ ಸರಿಯಾಗಿರೋದು ಅವೇ. ಉಳಿದ ನೂರ ತೊಂಬತ್ತೊಂಬತ್ತನ್ನು ಆ ಹದಿನಾರು ಜನ ಆಡೋ ಹಾಗೆ ಗುರುವಾರದೊಳಗೆ ಇನ್ನೊಮ್ಮೆ ಮಾಡಿ."