ಒಂದು ಮೋಡೆಮ್, ಎರಡು ಪ್ರೋಗ್ರಾಂ, ಅರ್ಧ ಫ್ಯಾಕ್ಸ್

ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಒಂದೇ ಮೋಡೆಮ್ಮಿನಿಂದ ಫ್ಯಾಕ್ಸನ್ನೂ ಇಂಟರ್ನೆಟ್ಟನ್ನೂ ನಡೆಸುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಲ್ಲವರಿಗೆ ದೊಡ್ಡ ಮಾತೇನಲ್ಲ. ನಾನು ಲಿನಕ್ಸ್ ಬಲ್ಲವನೆಂದು ನಮ್ಮೂರು ಶನಿವಾರಸಂತೆಯ ಸುತ್ತಮುತ್ತ ಬಲವಾದ ನಂಬಿಕೆಯಿತ್ತು. ಅದನ್ನು ಹಬ್ಬಿಸಿದವನೂ ನಾನೇ.

ಆಗ ನನ್ನ ಹೆಂಡತಿ ಗಿರಿಜ ನಮ್ಮ ಕಾಫಿ ಎಸ್ಟೇಟಿನಲ್ಲಿ ಹೋಂಸ್ಟೇ ಶುರುಮಾಡಿ ಎರಡು ತಿಂಗಳಾಗಿತ್ತು. ಒಬ್ಬರೂ ಬಂದಿರಲಿಲ್ಲ. ಕೊನೆಗೆ ಮಂಗಳೂರಿನ ಟ್ರಾವೆಲ್ಸಿನವರೊಬ್ಬರು ಹನ್ನೆರಡು ಜನರನ್ನು ಕಳಿಸಲು ಒಪ್ಪಿದರು. ರೂಮು ಖಾಲಿಯಿದೆ ಎಂದು ಸಹಿ ಮಾಡಿದ ಫ್ಯಾಕ್ಸ್ ಮಧ್ಯಾಹ್ನ ಹನ್ನೆರಡರೊಳಗೆ ಅವರಿಗೆ ತಲುಪಬೇಕು, ಅಷ್ಟೆ.

“ಪೇಟೇಲಿ ಫ್ಯಾಕ್ಸ್ ಮಾಡಿಸ್ಕೊಂಡು ಬರ್ತೀನಿ, ಜೀಪ್ ಕೀ ಕೊಡಿ,” ಅಂದಳು ಗಿರಿಜ.

“ಮನೇಲೇ ಲಿನಕ್ಸ್ ಇಟ್ಕೊಂಡು ಪೇಟೆಗಾ!” ಅಂದೆ ನಾನು.

ಲಿನಕ್ಸಿನಲ್ಲಿ ಒಂದು ಶಿಸ್ತಿದೆ. ಮೋಡೆಮ್ ಹಿಡಿದ ಪ್ರೋಗ್ರಾಂ ‘ನಾನು ಒಳಗಿದ್ದೇನೆ’ ಎಂಬ ಗುರುತಿಗೆ ಒಂದು ಲಾಕ್ ಫೈಲ್ ಇಡುತ್ತದೆ. ಅದು ಕಂಡರೆ ಇನ್ನೊಂದು ಪ್ರೋಗ್ರಾಂ ಕಾಯುತ್ತದೆ. ನಮ್ಮ ಕೆಲಸಗಾರರ ಲೈನ್‌ಮನೆಯ ಬಚ್ಚಲಿನ ಬಾಗಿಲಿಗೆ ಟವೆಲ್ ಹಾಕುವ ಹಾಗೆ. ಆದರೆ ಕರೆಂಟು ಹೋದಾಗ ಒಳಗಿದ್ದವನು ಮಾಯವಾಗಿ ಟವೆಲ್ ಮಾತ್ರ ಅಲ್ಲೇ ಉಳಿಯುತ್ತಿತ್ತು!

ಈ ರಗಳೆಗೆ ನಾನು ಶಾಶ್ವತ ಪರಿಹಾರ ಕಂಡುಹಿಡಿದಿದ್ದೆ. ನಿಮಿಷಕ್ಕೊಮ್ಮೆ ಲಾಕ್ ಫೈಲನ್ನು ಅಳಿಸಿಹಾಕಲು ಒಂದು ಪುಟ್ಟ ಪ್ರೋಗ್ರಾಮನ್ನು ನೇಮಿಸಿದ್ದೆ. ಒಳಗೆ ಯಾರಾದರೂ ಇದ್ದಾರೆಯೇ ಎಂದು ಮೊದಲು ನೋಡಬೇಕೆಂಬುದು ಹೊಳೆದಿರಲಿಲ್ಲ.

ಗಿರಿಜಳ ಹೆಸರಿನಲ್ಲಿ ಪತ್ರ ಟೈಪ್ ಮಾಡತೊಡಗಿದೆ. ಅವಳು ಹಿಂದಿನಿಂದ ಇಣುಕಿದಳು.

“ರೂಮಿದೆ, ಬನ್ನಿ ಅಂತ ಬರೀರಿ ಸಾಕು. ಇದೇನ್ರೀ ಇಷ್ಟುದ್ದ?”

“ಮೊದಲು ಒಂದು ಪೀಠಿಕೆ ಬೇಡ್ವೇನೆ?”

ಪೀಠಿಕೆ ಮುಕ್ಕಾಲು ಪುಟವಾಯಿತು. ರೂಮಿನ ವಿಚಾರವೂ ಸ್ಕ್ಯಾನ್ ಮಾಡಿಟ್ಟಿದ್ದ ಅವಳ ಸಹಿಯೂ ತಳದಲ್ಲಿ ಒತ್ತಿಕೊಂಡು ಕುಳಿತವು. ಹನ್ನೊಂದೂವರೆಗೆ ಕಳಿಸಿದೆ. ಮೋಡೆಮ್ ಕಿರುಚಿತು. ಫ್ಯಾಕ್ಸ್ ಹೋಗುತ್ತಿರುವಾಗಲೇ ನನ್ನ ಪುಟ್ಟ ಪ್ರೋಗ್ರಾಂ ಬಂದು ಟವೆಲ್ ಎಳೆದುಹಾಕಿತು. ಬಾಗಿಲು ಖಾಲಿ ಕಂಡದ್ದೇ ತಡ, ಇಮೇಲ್ ತರುವ ಪ್ರೋಗ್ರಾಂ ಒಳಗೆ ನುಗ್ಗಿತು. ಮೋಡೆಮ್ ಮತ್ತೊಮ್ಮೆ ಕಿರುಚಿತು.

“ಕೇಳು! ಎರಡೂ ಒಟ್ಟಿಗೇ ನಡೀತಿದೆ!” ಎಂದು ಚಪ್ಪಾಳೆ ತಟ್ಟಿದೆ.

ಆ ಖುಷಿಯಲ್ಲಿ ಮಧ್ಯಾಹ್ನ ಒಂದು ಗಂಟೆಯವರೆಗೂ ಇಂಟರ್ನೆಟ್ಟಿನಲ್ಲೇ ಕೂತೆ. ಮನೆಗಿದ್ದದ್ದು ಒಂದೇ ಫೋನು, ಇಂಟರ್ನೆಟ್ಟೂ ಅದರ ಲೈನಿನಲ್ಲೇ. ಇಂಟರ್ನೆಟ್ ಕಡಿದ ಕೂಡಲೇ ಅದು ಬಡಿದುಕೊಂಡಿತು. ಗಿರಿಜ ಎತ್ತಿಕೊಂಡು ಬರೀ “ಹೂಂ, ಹೂಂ” ಅಂದಳು. ಇಟ್ಟಾಗ ಅವಳ ಮುಖ ಸಪ್ಪೆಯಾಗಿತ್ತು.

“ಅರ್ಧ ಪುಟ ಬಂತಂತೆ. ಕೇಳೋಣ ಅಂತ ಹನ್ನೆರಡರ ತನಕ ಫೋನ್ ಮಾಡಿದ್ರಂತೆ, ಎಂಗೇಜೇ. ಅಷ್ಟೂ ಜನಾನ ಬೇರೆ ಕಡೆ ಕಳಿಸಿದ್ರಂತೆ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಕಣಕ್ಕೆ ಹೋಗಿ, ಬಿಸಿಲಿಗೆ ಹಾಕಿದ್ದ ಹೊಸ ಕಂಬಳಿಗಳನ್ನು ಒಂದೊಂದಾಗಿ ಮಡಿಸತೊಡಗಿದಳು. ನನಗೆ ನಿಜವಾಗಿಯೂ ಸಂಕಟವಾಯಿತು. ಹೋಗಿ ಕಂಬಳಿಯ ಇನ್ನೊಂದು ತುದಿ ಹಿಡಿದುಕೊಂಡೆ.

“ಆ ಅರ್ಧ ಪುಟದಲ್ಲಿ ಏನಿತ್ತಂತೆ?” ಮೆಲ್ಲಗೆ ಕೇಳಿದೆ.

“‘ನಮ್ಮ ಯಜಮಾನರು ಕಂಪ್ಯೂಟರ್ ವಿದ್ಯೆಯಲ್ಲಿ ನಿಸ್ಸೀಮರು’ ಅಂತ ಇತ್ತಂತೆ. ಅಷ್ಟು ಮಾತ್ರ ಒಂದಕ್ಷರಾನೂ ಅಳಿಸಿಹೋಗದೆ ಬಂದಿದೆಯಂತೆ.”