ಬ್ರೇಕ್ ಇಲ್ಲದ ಜೀಪು

ಜೀಪಿನ ಬ್ರೇಕ್ ಕೆಟ್ಟರೆ ರಿಪೇರಿ ಮಾಡಿಸುವವರು ಲೋಕದಲ್ಲಿ ಎಷ್ಟೋ ಜನ ಇದ್ದಾರೆ. ಬೇಕೆಂದೇ ಬ್ರೇಕ್ ಇಲ್ಲದ ಜೀಪು ತಯಾರಿಸಿ, ಅದನ್ನು ಇಡೀ ಲೋಕದ ಮುಂದೆ ಓಡಿಸಿ, "ಬ್ರೇಕ್ ಎಲ್ಲಿ?" ಎಂದು ಕೇಳಿದವರ ಮೇಲೆಯೇ ಹರಿಹಾಯ್ದವಳು ಮಾತ್ರ ಒಬ್ಬಳೇ. ಅವಳು ನನ್ನ ದೊಡ್ಡಪ್ಪನ ಮಗಳು, ನನಗೆ ಅಕ್ಕ. ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಮೇಲೂ ಹರಿಹಾಯುತ್ತಾಳೆ. ಬಂದ್ಯೋಡಿನಲ್ಲಿ ನನ್ನದೊಂದು ಫ್ಯಾನ್ಸಿ ಅಂಗಡಿ ಇದೆ, ಅಲ್ಪಸ್ವಲ್ಪ ಮರ್ಯಾದೆಯೂ ಇದೆ.

ಅಕ್ಕ ಕೇರಳಕ್ಕೆ ಸೇರಿದ ಗಡಿಯೂರು ವರ್ಕಾಡಿಯಲ್ಲಿ ಅಪ್ಪ ಅಮ್ಮನ ಜೊತೆಗಿದ್ದಾಳೆ. ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಸೋಲುವುದನ್ನು ಮಾತ್ರ ಅವಳಿಗೆ ಯಾರೂ ಕಲಿಸಿಲ್ಲ. ಒಮ್ಮೆ ಬಸ್ಸಿನವನು ಅವಳು ಇಳಿಯಬೇಕಾದ ಜಾಗ ದಾಟಿ ಮುಂದೆ ಹೋಗಿ ನಿಲ್ಲಿಸಿದ.

"ಇಲ್ಲೇ ಇಳೀರಿ ಟೀಚರೇ, ನಾಲ್ಕು ಹೆಜ್ಜೆ ಅಷ್ಟೆ" ಎಂದ ಕಂಡಕ್ಟರ್.

"ನಾಲ್ಕೇ ಹೆಜ್ಜೆ ಆದ್ರೆ ನಿಮ್ಮ ಬಸ್ಸಿಗೆ ಎಂತ ಕಷ್ಟ? ಹಿಂದೆ ತೆಗೀರಿ" ಎಂದು ಇವಳು ಸೀಟಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಕುಳಿತಳು.

ಬಸ್ಸಿನ ಹಿಂದೆ ಲಾರಿ, ಲಾರಿಯ ಹಿಂದೆ ಆಟೊ. ಎಲ್ಲರೂ ಗೊಣಗುತ್ತಾ ಹಿಂದೆ ಸರಿದ ಮೇಲೆ ಬಸ್ಸು ಅವಳನ್ನು ಮದುಮಗಳನ್ನು ಇಳಿಸುವ ಹಾಗೆ ಶಾಲೆಯ ಗೇಟಿನೆದುರು ಇಳಿಸಿತು. ಈಗ ಶಾಲೆಗೆ ರಜೆ ಇದ್ದರೂ ಆ ಬಸ್ಸು ಅಲ್ಲೊಮ್ಮೆ ನಿಂತೇ ಹೋಗುತ್ತದೆ!

ಈ ಹಟ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ದೊಡ್ಡಪ್ಪನಿಂದಲೇ. ಅವರು ವರ್ಕಾಡಿ ಲೈನಿನಲ್ಲಿ ಟ್ರಿಪ್ ಜೀಪು ಓಡಿಸುತ್ತಿದ್ದವರು. ಒಳಗೆ ತುರುಕುವಷ್ಟು ಜನ, ಹೊರಗೆ ನೇತಾಡುವಷ್ಟು ಜನ. ತಿರುವು ಬಂತೆಂದರೆ ಬೇರೆ ಡ್ರೈವರುಗಳ ಕಾಲು ಬ್ರೇಕಿಗೆ ಹೋಗುತ್ತಿತ್ತು, ಇವರ ಬಲಗೈ ಹಾರನಿಗೆ. "ಹಾರನ್ ಸರಿ ಉಂಟಲ್ಲಾ, ಮತ್ತೆ ಬ್ರೇಕ್ ಎಂತಕ್ಕೆ?" ಎನ್ನುವರು. ಕೋಳಿಗೊಂದು ಹಾರನ್, ದನಕ್ಕೊಂದು, ಬೀಡಿಯ ಕಟ್ಟು ಹಿಡಿದು ರಸ್ತೆಯ ನಡುವೆ ಮಾತಿಗೆ ನಿಂತ ಹೆಂಗಸರಿಗೆ ಸ್ವಲ್ಪ ಮರ್ಯಾದೆಯ ಹಾರನ್. ಮಧ್ಯಾಹ್ನ ಮನೆಯ ತಿರುವಿನಲ್ಲಿ ಎರಡು ಗಿಡ್ಡ, ಒಂದು ಉದ್ದ. ಅದು ದೊಡ್ಡಮ್ಮನಿಗೆ. ಅದು ಕೇಳಿದ ಕೂಡಲೇ ದೊಡ್ಡಮ್ಮ ಗಂಜಿ ಬಡಿಸಬೇಕು, ಜೀಪು ಅಂಗಳಕ್ಕೆ ಬರುವಾಗ ಬಟ್ಟಲು ಜಗಲಿಯಲ್ಲಿರಬೇಕು. ಗಂಡ ಹೆಂಡತಿ ಇಷ್ಟು ಒಳ್ಳೆಯದಾಗಿ ಬೇರೆ ಯಾವ ಭಾಷೆಯಲ್ಲೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಆಮೇಲೆ ದೊಡ್ಡಪ್ಪನಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಕಾಲು ಕುಂಟುತ್ತಾ ಉಳಿಯಿತು, ಬಲಗೈ ಮಡಿಲಿಗೆ ಬಿತ್ತು. ಜೀಪು ಮಾರಿಹೋಯಿತು. ಕೈಗೆ ಕೆಲಸ ಕೊಡದಿದ್ದರೆ ಅದು ಹೀಗೇ ಉಳಿಯುತ್ತದೆ ಎಂದು ಫಿಸಿಯೋಥೆರಪಿಯವರು ಅದುಮಲು ಒಂದು ಸ್ಪಂಜಿನ ಚೆಂಡು ಕೊಟ್ಟರು. ದೊಡ್ಡಪ್ಪ ಅದನ್ನು ಎಡಗೈಯಿಂದ ಅಂಗಳಕ್ಕೆ ಎಸೆದರು. "ಚೆಂಡು ಹಿಡಿದು ಆಡ್ಲಿಕ್ಕೆ ನಾನೆಂತ ಅಂಗನವಾಡಿಗೆ ಹೋಗುದಾ?" ನಾಯಿ ಚೆಂಡನ್ನು ವಾಪಸು ತಂದಿತು. ಮತ್ತೆ ಎಸೆದರು. ಮತ್ತೆ ತಂದಿತು. ಕೆಲವು ತಿಂಗಳಲ್ಲಿ ನಾಯಿ ಗಟ್ಟಿಮುಟ್ಟಾಯಿತು, ಕೈ ಮಾತ್ರ ಹಾಗೆಯೇ ಇತ್ತು.

ಅಕ್ಕ ಬೇಡಿದಳು, ಬೈದಳು, ಒಂದು ಹೊತ್ತು ಊಟ ಬಿಟ್ಟಳು. "ನೀನು ಉಣ್ಣದಿದ್ರೆ ನಾಯಿಗೆ ಹಾಕು, ಪಾಪ ಅದಕ್ಕೆ ಓಡಿ ಓಡಿ ಸಾಕಾಗಿದೆ" ಎಂದರು ದೊಡ್ಡಪ್ಪ. ಅಕ್ಕ ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಡುಗೆಮನೆಯ ಹಿಂದೆ ನಿಂತು ತುಂಬಾ ಹೊತ್ತು ಮುಖ ತೊಳೆಯುತ್ತಿದ್ದಳು.

ಅಂಥವಳು ಒಂದು ಶುಕ್ರವಾರ ಫೋನ್ ಮಾಡಿ, "ನಾನು ಗೇಮ್ ಜಾಮಿಗೆ ಸೇರಿದ್ದೇನೆ" ಎಂದಳು. ಹಾಗೆಂದರೇನು? ಇಂಟರ್‌ನೆಟ್ಟಿನಲ್ಲಿ ನಡೆಯುವ ಒಂದು ಪಂದ್ಯವಂತೆ. ಶುಕ್ರವಾರ ಹೊರಟರೆ ಭಾನುವಾರದೊಳಗೆ ಒಂದು ಕಂಪ್ಯೂಟರ್ ಆಟ ಮಾಡಿ ಕಳಿಸಬೇಕು. ಈ ಸಲ ಹಳೆಯ ಕಾಲದ ವಿಡಿಯೊ ಗೇಮ್ ಮೆಷಿನಿನ ಮಾದರಿ: ದಪ್ಪ ದಪ್ಪ ಚುಕ್ಕೆಗಳ ಚಿತ್ರ, ಬೆರಳೆಣಿಕೆಯ ಬಣ್ಣ. ಊರಿನ ಮಕ್ಕಳೆಲ್ಲ ಫೋನಿನಲ್ಲಿ ಮುಳುಗಿರುವ ಕಾಲದಲ್ಲಿ ಇವಳಿಗೆ ಈ ಹಳೆಯ ಚುಕ್ಕೆಯಾಟ ಯಾಕೆ? ಕೇಳುವ ಧೈರ್ಯ ನನಗಿರಲಿಲ್ಲ.

ಆಟ ಇಷ್ಟೇ: ಚುಕ್ಕೆಗಳ ಜೀಪೊಂದು ವರ್ಕಾಡಿಯ ರಸ್ತೆಯಲ್ಲಿ ತಾನಾಗಿ ಓಡುತ್ತದೆ. ಬ್ರೇಕ್ ಇಲ್ಲ, ಸ್ಟೇರಿಂಗ್ ಇಲ್ಲ, ಇರುವುದು ಹಾರನ್ ಒಂದೇ. ಕೋಳಿ, ದನ, ಎದುರಿನ ಬಸ್ಸು ಬರುವಾಗ ಸರಿಯಾಗಿ ಹಾರನ್ ಒತ್ತಿದರೆ ಅವು ಬದಿಗೆ ಸರಿಯುತ್ತವೆ. ತಪ್ಪಿದರೆ ಜೀಪು ಚರಂಡಿಗೆ.

ಅಕ್ಕ ಮೊದಲು ಕಂಪ್ಯೂಟರಿನಲ್ಲೇ ಹಾರನಿನ ಶಬ್ದ ಮಾಡಿ ಒತ್ತಿದಾಗ ಜಗಲಿಯಿಂದ ದೊಡ್ಡಪ್ಪನ ದನಿ ಬಂತಂತೆ: "ಅದು ಯಾರ ಆಡು? ಕಟ್ಟಿ ಹಾಕ್ಲಿಕ್ಕೆ ಹೇಳು!"

ಮರುದಿನ ಬೆಳಿಗ್ಗೆ ಅಕ್ಕ ನನ್ನ ಅಂಗಡಿಯೆದುರು ಪ್ರತ್ಯಕ್ಷಳಾದಳು. ದೊಡ್ಡಪ್ಪನ ಜೀಪು ಕೈಯಿಂದ ಕೈಗೆ ದಾಟಿ ಕೊನೆಗೆ ಬಂದ್ಯೋಡಿನ ಗುಜರಿ ಸೇರಿತ್ತು. ನಾನು, ಅಕ್ಕ, ಪಕ್ಕದ ಮೊಬೈಲ್ ಅಂಗಡಿಯ ನನ್ನ ಬ್ಯಾರಿ ಗೆಳೆಯ, ಮೂವರೂ ಒಂದು ಬ್ಯಾಟರಿ ಹೊತ್ತುಕೊಂಡು ಹೋದೆವು. ಜೀಪಿಗೆ ತುಕ್ಕು ಹಿಡಿದಿತ್ತು, ಹಾರನಿಗೆ ಹಿಡಿದಿರಲಿಲ್ಲ. ವಯರ್ ಮುಟ್ಟಿಸಿದ್ದೇ ತಡ, ಹೈವೇಯಲ್ಲಿ ಹೋಗುತ್ತಿದ್ದ ಬಸ್ಸು ಬದಿಗೆ ಸರಿಯಿತು! ಅಕ್ಕ ಫೋನಿನಲ್ಲಿ ಶಬ್ದ ಹಿಡಿದುಕೊಂಡಳು. ಅದೇ ಗಳಿಗೆಯಲ್ಲಿ ಮೀನಿನ ಗಾಡಿಯವನು "ಬೂತಾಯಿ! ಬೂತಾಯೀ!" ಎಂದು ಕೂಗುತ್ತಾ ಹೋದ. ಇನ್ನೊಮ್ಮೆ ಹಿಡಿಯೋಣವೆಂದರೆ ಬ್ಯಾಟರಿ ಮುಗಿದಿತ್ತು.

"ಬೂತಾಯಿ ಇರ್ಲಿ ಮಾರಾಯ. ಊರಿನ ಹಾರನ್ ಅಲ್ಲವಾ?" ಎಂದಳು ಅಕ್ಕ. ಹೋಗುವಾಗ ಸ್ಟೇರಿಂಗಿನ ನಡುವಿನ ಹಾರನ್ ಬಟನನ್ನೂ ಕಳಚಿಕೊಂಡಳು. ನನ್ನ ಗೆಳೆಯ ಅದನ್ನು ಒಂದು ಹಳೆಯ ಮೌಸಿಗೆ ಬೆಸೆದುಕೊಟ್ಟು, "ಅಕ್ಕಾ, ಬ್ರೇಕ್ ಒಂದು ಇಡಿ. ನನಗೆ ನೋಡ್ಲಿಕ್ಕೇ ಹೆದರಿಕೆ ಆಗ್ತದೆ" ಎಂದ. ಅಕ್ಕ ಅವನನ್ನು ನೋಡಿದ ರೀತಿಗೆ ಅವನು ಆ ದಿನ ಬೇಗ ಅಂಗಡಿ ಮುಚ್ಚಿದ.

ಆಟ ಹೊತ್ತಿಗೆ ಸರಿಯಾಗಿ ಲೋಕಕ್ಕೆ ಹೋಯಿತು. ಲೋಕದ ಅಭಿಪ್ರಾಯಗಳೂ ಬಂದವು. ಬ್ರೇಕ್ ಮರೆತುಹೋಗಿದೆ ಎಂದ ಒಬ್ಬ. "ಮರೆತದ್ದಲ್ಲ. ಬ್ರೇಕ್ ಬೇಕಿದ್ದರೆ ಬಸ್ಸಿನಲ್ಲಿ ಹೋಗಿ" ಎಂದು ಅಕ್ಕ ಇಂಗ್ಲಿಷಿನಲ್ಲಿ ಉತ್ತರ ಬರೆದಳು. ಯಾವುದೋ ದೂರದೇಶದವನು, ಬೂತಾಯಿ ಎನ್ನುವುದು ಮಂತ್ರವೇ ಎಂದು ಕೇಳಿದ. "ಹೌದು, ಹುರಿದರೆ" ಎಂದು ಬರೆದಳು! ಇನ್ನೊಬ್ಬ ಮಾತ್ರ ತಕರಾರನ್ನು ಸರಿಯಾದ ಜಾಗದಲ್ಲೇ ಎತ್ತಿದ. ದಾರಿಯ ಒಂದು ತಿರುವಿನಲ್ಲಿ ಬಾಗಿಲು ಮುಚ್ಚಿದ ಹಂಚಿನ ಮನೆಯೊಂದಿದೆ. ಅಂಕವೂ ಇಲ್ಲ, ಅಪಾಯವೂ ಇಲ್ಲ, ಅದು ಯಾಕೆ? ತೆಗೆದರೆ ಆಟ ಚುರುಕಾಗುತ್ತದೆ ಎಂದ. ಅಕ್ಕ ಬರೆದದ್ದು ಇಷ್ಟೇ: "ಆಟ ಬೇಕಾದರೆ ತೆಗೆಯುತ್ತೇನೆ, ಮನೆ ತೆಗೆಯುವುದಿಲ್ಲ." ಫಲಿತಾಂಶದ ಪಟ್ಟಿಯಲ್ಲಿ ಅವಳನ್ನು ಹುಡುಕುವವರು ಕೆಳಗಿನಿಂದ ಶುರು ಮಾಡುವುದು ಒಳ್ಳೆಯದಿತ್ತು.

ಸೋತಳು ಅಂತ ನಾನು ಸಮಾಧಾನ ಹೇಳಲು ಮುಂದಿನ ಭಾನುವಾರ ವರ್ಕಾಡಿಗೆ ಹೋದರೆ, ಅವಳು ದೊಡ್ಡಪ್ಪನ ಕುರ್ಚಿಯ ಬಲಗೈಯ ಹೊರತುದಿಗೆ ಆ ಹಾರನ್ ಬಟನನ್ನು ಹಗ್ಗ ಹಾಕಿ ಬಿಗಿಯುತ್ತಿದ್ದಳು. ಎದುರಿನ ಟಿವಿಯಲ್ಲಿ ಚುಕ್ಕೆಗಳ ಜೀಪು ಹೊರಡಲು ಕಾಯುತ್ತಿತ್ತು.

"ಎಡಬದಿಗೆ ಕಟ್ಟು" ಎಂದರು ದೊಡ್ಡಪ್ಪ.

"ವಯರ್ ಗಿಡ್ಡ ಉಂಟಪ್ಪ."

"ಉದ್ದದ್ದು ತರಬಹುದಿತ್ತಲ್ಲಾ?"

"ನಿನ್ನೆ ಹರತಾಳ."

"ಮೊನ್ನೆ?"

"ಮೊನ್ನೆಯೂ ಹರತಾಳ."

ಕೇರಳದಲ್ಲಿ ಈ ಮಾತನ್ನು ಸುಳ್ಳೆಂದು ಸಾಧಿಸುವುದು ಯಾರಿಂದ ಸಾಧ್ಯ? ದೊಡ್ಡಪ್ಪ ಮುಖ ತಿರುಗಿಸಿದರು. ಜೀಪು ಹೊರಟಿತು, ದನ ಬಂತು, ಜೀಪು ಚರಂಡಿಗೆ ಬಿತ್ತು. ಮತ್ತೆ ಹೊರಟಿತು, ಮತ್ತೆ ಬಿತ್ತು. ದೊಡ್ಡಪ್ಪ ಓರೆಗಣ್ಣಿನಲ್ಲಿ ನೋಡಿದರು.

"ಯಾವ ಕತ್ತೆ ಓಡಿಸುದು ಅದನ್ನು?"

"ಯಾರೂ ಓಡಿಸುದಿಲ್ಲ. ಡ್ರೈವರ್ ಮುಷ್ಕರದಲ್ಲಿದ್ದಾನೆ" ಎಂದಳು ಅಕ್ಕ.

ಮೂರನೆಯ ಸಲ ದನ ಬಂತು. ಎಡಗೈ ಚಾಚಿದರು, ಎಟುಕಲಿಲ್ಲ. ಆಗ ಮಡಿಲಲ್ಲಿದ್ದ ಬಲಗೈ ಸ್ವಲ್ಪ ಅಲುಗಾಡಿತು. ಕುರ್ಚಿಯ ಅಂಚಿಗೆ ತೆವಳಿತು. ಬಟನಿನ ಮೇಲೆ ಬಿದ್ದಿತು. ಹಾರನ್ ಮೊಳಗಿತು, "ಬೂತಾಯೀ!" ಎಂದಿತು, ದನ ಸರಿಯಿತು. ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದಳು. ಕೈಯ ಸುದ್ದಿ ಎತ್ತಿದರೆ ಆ ಕೈ ಹಟಕ್ಕಾಗಿಯೇ ಮಡಿಲಿಗೆ ವಾಪಸು ಹೋಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬಸ್ಸು ಸರಿಯಿತು, ಕೋಳಿಗಳು ಸರಿದವು. ಹಂಚಿನ ಮನೆಯ ತಿರುವು ಬಂತು. ಅಲ್ಲಿ ಹಾರನ್ ಒತ್ತಲು ಏನೂ ಕಾರಣವಿಲ್ಲ. ದೊಡ್ಡಪ್ಪ ಹಲ್ಲು ಕಚ್ಚಿ ಒತ್ತಿದರು: ಎರಡು ಗಿಡ್ಡ. ಬೆರಳನ್ನು ಒತ್ತಿಯೇ ಹಿಡಿದರು. ಒಂದು ಉದ್ದ.

ಟಿವಿಯಲ್ಲಿ ಆ ಮನೆಯ ಬಾಗಿಲು ತೆರೆಯಿತು. ನಾಲ್ಕಾರು ಚುಕ್ಕೆಯ ಹೆಂಗಸೊಬ್ಬಳು ಜಗಲಿಗೆ ಬಂದು ನಿಂತಳು. ಲೋಕದಲ್ಲಿ ಯಾವ ಆಟಗಾರನೂ ತೆರೆಯಲಾರದೆ ಹೋದ ಬಾಗಿಲು ಅದು.

ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಗಂಜಿಯ ಬಟ್ಟಲು ತಂದು ದೊಡ್ಡಪ್ಪನ ಎದುರಿಟ್ಟರು. ಇಟ್ಟ ಮೇಲೆ ನಮ್ಮನ್ನು ನೋಡಿದರು, ಗಡಿಯಾರ ನೋಡಿದರು. ಸಂಜೆಯ ಚಹಾದ ಹೊತ್ತು.

"ಈಗ ಎಂತ ಗಂಜಿ, ದೊಡ್ಡಮ್ಮ?" ಎಂದೆ.

"ನನಗೆಂತ ಗೊತ್ತು? ಇವರು ಹಾರನ್ ಹಾಕಿದ್ರಲ್ಲಾ!" ಎಂದರು ದೊಡ್ಡಮ್ಮ. ಆಗಲೇ ಅವರ ಕಣ್ಣು ಬಟನಿನ ಮೇಲಿದ್ದ ಬಲಗೈಗೆ ಬಿತ್ತು.

ದೊಡ್ಡಪ್ಪ ಕೈ ತೆಗೆಯಲಿಲ್ಲ. ಹೆಂಡತಿಯನ್ನು ನೋಡಿ, "ಸ್ವಲ್ಪ ತಡ ಆಯ್ತು" ಎಂದರು. "ದಾರಿಯಲ್ಲಿ ಬ್ಲಾಕ್ ಇತ್ತು."

ಅಕ್ಕ ಎದ್ದು ಅಡುಗೆಮನೆಯ ಹಿಂದಕ್ಕೆ ಮುಖ ತೊಳೆಯಲು ಹೋದಳು. ಅವಳ ಹಿಂದೆಯೇ ನಾನೂ ಹೋದೆ.