ಕತ್ತರಿಸೋ ಎಂಜೈಮು, ಗಟ್ಟಿಯಾಗದ ಜೆಲ್ಲಿ

ಯಲಹಂಕದ ಹತ್ತಿರ ಒಂದು ಎಂಜೈಮ್ ಕಂಪನಿಯ ಲ್ಯಾಬಿಗೆ ನಾನು ಸೇರಿದ್ದು ಹೊಸ ಏರ್‌ಪೋರ್ಟ್ ಶುರುವಾದ ವರ್ಷ. ನಾವು ಮಾಡುತ್ತಿದ್ದದ್ದು ಪ್ರೋಟೀನ್ ಕತ್ತರಿಸುವ ಎಂಜೈಮುಗಳನ್ನು. ತಿಂದ ಬೇಳೆಯನ್ನು ಹೊಟ್ಟೆಯಲ್ಲಿ ತುಂಡು ಮಾಡುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು, ಎಲ್ಲಾ ಇದೇ ಜಾತಿಯ ಎಂಜೈಮುಗಳ ಕೆಲಸ. ಎಲ್ಲಿ ಕತ್ತರಿಸಬೇಕು, ಎಲ್ಲಿ ಸುಮ್ಮನಿರಬೇಕು ಅಂತ ಅವಕ್ಕೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಗೊತ್ತಿಲ್ಲದಿರೋದು ಜನಕ್ಕೆ. ಹಾಗಾಗಿ ನನ್ನ ಕೆಲಸ ಏನು ಅಂತ ಎಲ್ಲಿ ಬಾಯಿಬಿಟ್ಟರೂ ಒಂದು ಅವಾಂತರ ತಪ್ಪಿದ್ದಲ್ಲ.

ನ್ಯಾಚುರಲ್

ನಮ್ಮ ಸೇಲ್ಸ್ ಮ್ಯಾನೇಜರ್‌ಗೆ ಎಂಜೈಮಿನ ಬಗ್ಗೆ ಗೊತ್ತಿದ್ದದ್ದು ಒಂದೇ ಪದ, ‘ನ್ಯಾಚುರಲ್’. ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ ನಾವೊಂದು ಪುಡಿ ಮಾರುತ್ತಿದ್ದೆವು. ತೊಗಲಿನ ಕೂದಲು ಉದುರಿಸಿ ಮೆತ್ತಗೆ ಮಾಡುವ ಪುಡಿ. ಒಂದು ದಿನ ಗಿರಾಕಿಗಳ ಎದುರು ಇವರು ಡ್ರಮ್ಮಿಗೆ ಬರಿಗೈ ಹಾಕಿ ಒಂದು ಹಿಡಿ ತೆಗೆದರು.

“ಸಾರ್, ಗ್ಲೌಸ್ ಹಾಕ್ಕೊಳ್ಳಿ,” ಅಂದೆ.

“ಇದು ನ್ಯಾಚುರಲ್ ಕಣ್ರೀ. ಬ್ಯಾಕ್ಟೀರಿಯಾದಿಂದ ಬರೋದು.”

“ಟೈಫಾಯ್ಡೂ ಅಲ್ಲಿಂದಾನೇ ಬರೋದು ಸಾರ್.”

ಗಿರಾಕಿಗಳು ನಕ್ಕರು, ಇವರೂ ನಕ್ಕರು. ಕೈ ಒರೆಸಿಕೊಂಡು, ತೊಳೆಯದೆ, ಕಾರು ಹತ್ತಿದರು. ಹೆಬ್ಬಾಳದ ಟ್ರಾಫಿಕ್ಕು, ಬಿಸಿಲು, ಬೆವರಿದ ಕೈಯಲ್ಲಿ ಸ್ಟಿಯರಿಂಗು. ಕೆಲಸ ಮಾಡೋಕೆ ಬಿಸಿಯೂ ತೇವವೂ ಬೇಕಾದ ಎಂಜೈಮಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಲ್ಯಾಬಿನಲ್ಲೂ ಇರಲಿಲ್ಲ. ಮಾರನೇ ದಿನ ಅಂಗೈ ಸುಲಿದು, ಬ್ಯಾಂಡೇಜ್ ಸುತ್ತಿಕೊಂಡು ಬಂದರು.

ಅವತ್ತೇ ಇನ್ನೊಬ್ಬ ಗಿರಾಕಿ ಬಂದಿದ್ದ. ಅನುಮಾನದ ಮನುಷ್ಯ. “ಚರ್ಮದ ಮೇಲೆ ಇದು ನಿಜವಾಗ್ಲೂ ಕೆಲಸ ಮಾಡುತ್ತಾ?” ಅಂತ ಕೇಳಿದ.

ಮ್ಯಾನೇಜರ್ ಬ್ಯಾಂಡೇಜ್ ಬಿಚ್ಚಿ ತೋರಿಸಿದರು. ಆ ತಿಂಗಳ ದೊಡ್ಡ ಆರ್ಡರ್ ಅದೇ.

ಜೀರ್ಣಶಕ್ತಿ

ಆಗ ನಾವಿದ್ದದ್ದು ಕೊಡಿಗೇಹಳ್ಳಿಯಲ್ಲಿ, ಬಾಡಿಗೆಗೆ. ಮನೆ ಓನರ್ ಊರಿನ ಹಳಬರು, ಹೊಲ ಇದ್ದಲ್ಲೆಲ್ಲ ಬಿಲ್ಡಿಂಗ್ ಎಬ್ಬಿಸಿದವರು. ಸಂಜೆಯಾದರೆ ಟೆರೇಸ್ ಮೇಲೆ ಬಾಟಲಿ, ಪಕ್ಕದಲ್ಲಿ ಹುರಿದ ಕೋಳಿ. ಒಂದು ಸಂಜೆ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದರು. ನೋವು ಬೆನ್ನಿಗೆ ಹೊಡೆಯುತ್ತಿತ್ತು. ಅವರ ಹೆಂಡತಿಯೂ ನಾನೂ ಸೇರಿ ಆಸ್ಪತ್ರೆಗೆ ಸಾಗಿಸಿದೆವು.

ಡಾಕ್ಟರ್ ಹೇಳಿದ್ದು ಇಷ್ಟು. ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಎಂಜೈಮು ಕರುಳಿಗೆ ಹೋದ ಮೇಲೇ ಚುರುಕಾಗಬೇಕು. ಇವರಿಗೆ ಕುಡಿತದಿಂದ ಅದು ಗ್ರಂಥಿಯೊಳಗೇ ಚುರುಕಾಗಿ, ಗ್ರಂಥಿಯನ್ನೇ ಜೀರ್ಣ ಮಾಡುತ್ತಿದೆ. “ಉಳಿಯೋದು ಕಷ್ಟ ಆಗ್ಬಹುದು,” ಅಂದರು. ಐಸಿಯು ಹೊರಗೆ ಓನರ್ ಆಂಟಿ ನನ್ನ ಕೈ ಹಿಡಿದು ಕೂತಿದ್ದರು, ಬಿಡಲೇ ಇಲ್ಲ.

ಪುಣ್ಯಕ್ಕೆ ಉಳಿದರು. ಮನೆಗೆ ಬಂದ ಮೇಲೆ ನೋಡಲು ಬಂದವರಿಗೆ ಹಾಸಿಗೆ ಮೇಲೆ ಕೂತು ಇವರ ಭಾಷಣ: “ಡಾಕ್ಟ್ರೇ ಏಳವ್ರೆ, ನನ್ ಜೀರ್ಣಶಕ್ತಿ ಅಂಗೈತಂತೆ. ಒಳಗೆ ಏನೂ ಸಿಗ್ದಿದ್ರೆ ನನ್ನೇ ತಿಂದಾಕ್ತದಂತೆ!”

ಬಂದವರು ಹೌಹಾರಿ ತಲೆದೂಗುತ್ತಿದ್ದರು.

“ಅಂಕಲ್, ಅದು ಶಕ್ತಿ ಅಲ್ಲ, ಕಾಯಿಲೆ. ಮತ್ತೆ ಕುಡಿದ್ರೆ ಮತ್ತೆ ಬರುತ್ತೆ,” ಅಂದೆ.

“ನೀನು ಸುಮ್ಕಿರವ್ವ. ಎಲ್ರಿಗೂ ಬತ್ತದಾ ಇದು?”

ಒಳಗಿಂದ ಆಂಟಿ ಕಾಫಿ ಲೋಟ ತಂದು ಕುಕ್ಕಿದರು. “ಕೆರೆ ಅಂಗ್ಳಾನೇ ಜೀರ್ಣ ಮಾಡ್ಕಂಡೋರ್ಗೆ ಇದ್ಯಾವ ಲೆಕ್ಕ!”

ಎರಡು ಸಲ

ಆರ್.ಟಿ. ನಗರದ ಪಾರ್ಕಿನಲ್ಲಿ ಟೈ ಕಟ್ಟಿದ ಒಬ್ಬಾತ ‘ಎಂಜೈಮ್ ಡ್ರಿಂಕ್’ ಮಾರುತ್ತಿದ್ದ. ಕುಡಿದರೆ ಹೊಟ್ಟೆಯ ಬೊಜ್ಜು, ಮಂಡಿ ನೋವು, ಗಡ್ಡೆ, ಎಲ್ಲವನ್ನೂ ಅದು ಹುಡುಕಿ ಕತ್ತರಿಸುತ್ತದಂತೆ. ವಾಕಿಂಗ್ ಮುಗಿಸಿದ ನಿವೃತ್ತರು ಬಾಯಿ ತೆರೆದು ಕೇಳುತ್ತಿದ್ದರು.

“ಎಂಜೈಮೂ ಒಂದು ಪ್ರೋಟೀನೇ ಅಲ್ವಾ? ಹೊಟ್ಟೆಗೆ ಬಿದ್ದ ತಕ್ಷಣ ಹೊಟ್ಟೇನೇ ಅದನ್ನ ಕತ್ತರಿಸಿಹಾಕುತ್ತೆ. ಮಂಡಿಗೆ ಹೇಗೆ ಹೋಗುತ್ತೆ?” ಅಂತ ಕೇಳಿದೆ.

ಆತ ಒಂದು ಕ್ಷಣವೂ ತಡವರಿಸಲಿಲ್ಲ. “ಕರೆಕ್ಟಾಗಿ ಹೇಳಿದ್ರಿ ಮೇಡಂ! ಅದಕ್ಕೇ ದಿನಕ್ಕೆ ಎರಡು ಸಲ ಕುಡೀಬೇಕು.”

ನನ್ನ ಕಣ್ಣೆದುರೇ ನಾಲ್ಕು ಬಾಟಲಿ ಹೋಯಿತು. ಆಮೇಲೆ ನನಗೂ ಏಜೆನ್ಸಿ ಕೊಡುತ್ತೇನೆ ಅಂದ.

ಶುದ್ಧ ಸಸ್ಯಾಹಾರಿ

ಆಮೇಲೆ ಯಲಹಂಕದ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಅಲ್ಲಿ ಅಸೋಸಿಯೇಷನ್ ಸೆಕ್ರೆಟರಿಯ ಹೆಂಡತಿ ಇಡೀ ಬ್ಲಾಕಿನ ಅಡುಗೆಮನೆಗಳನ್ನು ಮೂಗಿನಿಂದಲೇ ಕಾಯುತ್ತಿದ್ದರು. ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಚಿಕ್ಕ ವಯಸ್ಸಿನ ಗಂಡ ಹೆಂಡತಿ ಆಮ್ಲೆಟ್ ಮಾಡಿದ್ದು ಇವರ ಮೂಗಿಗೆ ಬಿತ್ತು. ಅವರನ್ನು ಖಾಲಿ ಮಾಡಿಸಬೇಕೆಂದು ಭಾನುವಾರ ಮೀಟಿಂಗ್ ಕರೆಸಿದರು. ಆ ಹುಡುಗಿ ಬಸುರಿ. ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಮೊದಲು ಸಿಹಿ, ಆಮೇಲೆ ವಿಷಯ. ಸಿಹಿ ಸೆಕ್ರೆಟರಿಯ ಹೆಂಡತಿಯದೇ, ಅನಾನಸ್ ಜೆಲ್ಲಿ. ಕಪ್ಪಿಗೆ ಚಮಚ ಹಾಕಿದರೆ ಬರೀ ನೀರು. ಅವರಿಗೆ ಅಳು ಬರುವುದೊಂದು ಬಾಕಿ.

“ಪ್ರತಿ ಹಬ್ಬಕ್ಕೂ ಮಾಡ್ತೀನಿ, ಕಲ್ಲಿನ ಹಾಗೆ ನಿಲ್ತಿತ್ತು! ನೀವು ಲ್ಯಾಬಿನವರಲ್ವಾ, ಹೇಳಿ, ಇದ್ಯಾಕೆ ಹೀಗಾಯ್ತು?”

“ಯಾವಾಗ್ಲೂ ಇದೇ ಹಣ್ಣು ಹಾಕ್ತಿದ್ರಾ?”

“ಇಲ್ಲ, ಡಬ್ಬಿಯದು. ಈ ಸಲ ಫ್ರೆಶ್ ಇರಲಿ ಅಂತ ಹಣ್ಣೇ ಹೆಚ್ಚಿದೆ.”

“ಅದೇ ಕಾರಣ. ಹಸಿ ಅನಾನಸ್‌ನಲ್ಲಿ ಪ್ರೋಟೀನ್ ಕತ್ತರಿಸೋ ಎಂಜೈಮ್ ಇರುತ್ತೆ. ಡಬ್ಬಿಗೆ ತುಂಬೋವಾಗ ಕಾಯಿಸ್ತಾರಲ್ಲ, ಅದು ಸತ್ತುಹೋಗಿರುತ್ತೆ. ಹಸಿ ಹಣ್ಣು ಜೆಲ್ಲಿಯನ್ನ ಕತ್ತರಿಸಿಹಾಕಿದೆ.”

“ಜೆಲ್ಲಿಯಲ್ಲಿ ಪ್ರೋಟೀನ್ ಎಲ್ಲಿಂದ ಬರಬೇಕು? ಇದು ಪ್ಯೂರ್ ವೆಜ್!”

“ನಾನೂ ಅದನ್ನೇ ಯೋಚಿಸ್ತಿದ್ದೀನಿ,” ಅಂದೆ. “ಚೀನಾ ಗ್ರಾಸ್ ಆಗಿದ್ರೆ ಅದು ಸಮುದ್ರದ ಪಾಚಿಯಿಂದ ಮಾಡಿದ್ದು, ಪ್ರೋಟೀನ್ ಇರಲ್ಲ, ಏನೂ ಆಗ್ತಿರಲಿಲ್ಲ, ಗಟ್ಟಿಯಾಗೇ ಇರ್ತಿತ್ತು. ಹೀಗೆ ನೀರಾಗೋದು ಮೂಳೆ, ಚರ್ಮ ಬೇಯಿಸಿ ತೆಗೆದ ಜೆಲಟಿನ್ ಮಾತ್ರ. ಜೆಲ್ಲಿ ಪುಡಿ ಎಲ್ಲಿಂದ ತರಿಸ್ತೀರಿ?”

“ದುಬೈಯಿಂದ... ನಾದಿನಿ ತರ್ತಾಳೆ...”

ಸೆಕ್ರೆಟರಿ ಎದ್ದು ಮನೆಗೆ ಹೋದರು, ಪುಡಿಯ ಡಬ್ಬಿ ತಂದರು, ಕನ್ನಡಕ ಏರಿಸಿ ಓದಿದರು. ಯಾರಿಗೂ ತೋರಿಸದೆ ಜೇಬಿಗೆ ಹಾಕಿಕೊಂಡು, “ಮೀಟಿಂಗ್ ಮುಂದಕ್ಕೆ ಹಾಕೋಣ,” ಅಂದರು. ಆ ಮೀಟಿಂಗ್ ಮತ್ತೆ ನಡೆಯಲಿಲ್ಲ. ಅವರ ಮಾತಿಗೆ ಮೂಲೆಯ ಹುಡುಗಿ ಮೊದಲ ಸಲ ತಲೆ ಎತ್ತಿದಳು.

ಎಲ್ಲರೂ ಕಪ್ಪನ್ನು ಮೆಲ್ಲಗೆ ಕುರ್ಚಿ ಕೆಳಗಿಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ಸೆಕ್ರೆಟರಿಯ ವಯಸ್ಸಾದ ತಾಯಿ ಮಾತ್ರ ಕಪ್ಪೆತ್ತಿ ಆ ನೀರನ್ನೆಲ್ಲಾ ಕುಡಿದು, ಬಾಯಿ ಒರೆಸಿಕೊಂಡು, ಸೊಸೆಯ ಕಡೆ ತಿರುಗಿದರು.

“ನಾನೂ ಅಂದ್ಕೋತಿದ್ದೆ ಕಣೇ, ನೀನು ಮಾಡೋದ್ರಲ್ಲಿ ಇದೊಂದೇ ಯಾಕೆ ಇಷ್ಟು ರುಚಿಯಾಗಿರುತ್ತೆ ಅಂತ.”